ಕೊಳವೆಯ ಈ ತುದಿಯವರು ಯಾರ ಲೆಕ್ಕಕ್ಕೆ?

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳ ನಲ್ಲಿಗಳು ಏಕಾಏಕಿ ಒಣಗಿದವು. ವಿಚಿತ್ರವೆಂದರೆ, ಅದೇ ವಾರ ಬೆಂಗಳೂರಿನ ರಸ್ತೆಗಳಲ್ಲಿ ದೋಣಿ ಸಾಗುವಷ್ಟು ನೀರು ನಿಂತಿತ್ತು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೆ ಪ್ರವಾಹದ ನೀರು ನುಗ್ಗಿ ಯಂತ್ರಗಳು ಮುಳುಗಿದ್ದವು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅಲ್ಲಿಗೆ ಧಾವಿಸಿದರು. ವಾಹಿನಿಗಳ ಕ್ಯಾಮರಾಗಳು ಅವರನ್ನು ಹಿಂಬಾಲಿಸಿದವು. ಕೆಲವೇ ದಿನಗಳಲ್ಲಿ ಪಂಪುಗಳು ದುರಸ್ತಿಯಾದವು, ನಲ್ಲಿಗಳಲ್ಲಿ ನೀರು ಬಂತು, ಕ್ಯಾಮರಾಗಳು ಮರಳಿದವು. ಬೆಂಗಳೂರು ಆ ಊರಿನ ಹೆಸರನ್ನು ಮರೆಯಿತು.

ಈ ಮರೆವೇ ಇಂದಿನ ಚರ್ಚೆಯ ವಿಷಯ.

ಬೆಂಗಳೂರಿಗೂ ಮಳವಳ್ಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1894ರ ಹೊತ್ತಿಗೆ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ನೀರು ತರಿಸಿಕೊಂಡ ನಗರ, ಅದೂ ಸಾಲದೆಂದು ಕಂಡಾಗ ಕಾವೇರಿಯತ್ತ ಕೈಚಾಚಿತು. 1964ರಲ್ಲಿ ಬೆಂಗಳೂರು ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಹರಿಯಿತು. ಆನಂತರ ಎರಡನೇ ಹಂತ, ಮೂರನೇ ಹಂತ, 2002 ಮತ್ತು 2012ರಲ್ಲಿ ನಾಲ್ಕನೇ ಹಂತದ ಎರಡು ಭಾಗಗಳು. ಕೊನೆಗೆ 2024ರ ಅಕ್ಟೋಬರ್ 16ರಂದು ಇದೇ ತೊರೆಕಾಡನಹಳ್ಳಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮತ್ತು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಐದನೇ ಹಂತಕ್ಕೆ ಚಾಲನೆ ನೀಡಿದರು. ವೆಚ್ಚ 4,336 ಕೋಟಿ ರೂಪಾಯಿ. ಸಾಲ ಕೊಟ್ಟದ್ದು ಜಪಾನಿನ ಜೈಕಾ ಸಂಸ್ಥೆ. ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಒಯ್ಯುತ್ತಿದ್ದ ವ್ಯವಸ್ಥೆಗೆ ಐದನೇ ಹಂತವು ಇನ್ನೂ 77.5 ಕೋಟಿ ಲೀಟರಿನ ಸಾಮರ್ಥ್ಯ ಸೇರಿಸಿತು. ಶಿವ ಅಣೆಕಟ್ಟೆಯಲ್ಲಿ ತಡೆದ ನೀರು ನೆಟ್ಕಲ್ ಜಲಾಶಯಕ್ಕೆ, ಅಲ್ಲಿಂದ ತೊರೆಕಾಡನಹಳ್ಳಿಗೆ. ಅಲ್ಲಿ ಶುದ್ಧಗೊಂಡು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಲ್ಪಟ್ಟು ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಕ್ರಮಿಸಿ ಅದು ರಾಜಧಾನಿಯನ್ನು ಸೇರುತ್ತದೆ. ಇಂಜಿನಿಯರಿಂಗ್ ದೃಷ್ಟಿಯಿಂದ ಇದೊಂದು ಸಾಧನೆ. ಅದನ್ನು ಕಟ್ಟಿದವರ, ಹಗಲಿರುಳು ನಡೆಸುವವರ ಶ್ರಮವನ್ನು ಯಾರೂ ಅಲ್ಲಗಳೆಯಬೇಕಿಲ್ಲ.

ಪ್ರಶ್ನೆ ಇರುವುದು ಬೇರೆಡೆ. ಇಷ್ಟು ದೊಡ್ಡ ಕೊಳವೆ ವ್ಯವಸ್ಥೆಯನ್ನು ನಡೆಸುವ ಸಂಸ್ಥೆಗೆ ಯಾರ್‍ಯಾರು ಸಂಬಂಧಪಟ್ಟವರು?

ಆಡಳಿತದ ಭಾಷೆಯಲ್ಲಿ ಇತ್ತೀಚೆಗೆ 'ಸ್ಟೇಕ್‌ಹೋಲ್ಡರ್' ಎಂಬ ಪದ ಧಾರಾಳವಾಗಿ ಬಳಕೆಯಾಗುತ್ತಿದೆ. ಒಂದು ಕೆಲಸದಿಂದ ಲಾಭವನ್ನೋ ನಷ್ಟವನ್ನೋ ಅನುಭವಿಸುವ, ಆದುದರಿಂದಲೇ ಆ ಕೆಲಸದಲ್ಲಿ ಮಾತನಾಡುವ ಹಕ್ಕುಳ್ಳ ಎಲ್ಲರೂ ಸ್ಟೇಕ್‌ಹೋಲ್ಡರ್‌ಗಳು. ಜಲಮಂಡಳಿಯ ಸಭೆಗಳಲ್ಲಿ, ಪ್ರಕಟಣೆಗಳಲ್ಲಿ ಈ ಪದಕ್ಕೆ ಸಿಗುವ ಅರ್ಥ ಮಾತ್ರ ಬಹಳ ಕಿರಿದು. ನಲ್ಲಿ ಸಂಪರ್ಕವುಳ್ಳ ಗ್ರಾಹಕ, ಬಡಾವಣೆಯ ನಿವಾಸಿಗಳ ಸಂಘ, ಬಿಲ್ಡರ್, ಕೈಗಾರಿಕೆ, ಸಾಲ ಕೊಟ್ಟ ಬ್ಯಾಂಕು. ಇವರಿಗಾಗಿ ಸಹಾಯವಾಣಿಯಿದೆ, ಅದಾಲತ್ತು ಇದೆ, ದೂರು ಸಂಖ್ಯೆಯಿದೆ. ಮಂಡಳಿಯ ಕಾನೂನುಬದ್ಧ ಕಾರ್ಯಕ್ಷೇತ್ರವೇ ಬೆಂಗಳೂರು ಮಹಾನಗರ ಪ್ರದೇಶ. ಅಂದರೆ ಕೊಳವೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಸಂಬಂಧ ಆರಂಭವಾಗುತ್ತದೆ. ಕೊಳವೆ ಎಲ್ಲಿ ಆರಂಭವಾಗುತ್ತದೋ ಅಲ್ಲಿರುವುದು ಒಂದು ಆವರಣ ಗೋಡೆ, ಒಂದು ಗೇಟು, ಒಬ್ಬ ಕಾವಲುಗಾರ.

ಐದನೇ ಹಂತದ ಉದ್ದೇಶವನ್ನೇ ನೋಡಿ. 2007ರಲ್ಲಿ ನಗರಕ್ಕೆ ಸೇರಿಕೊಂಡ 110 ಹಳ್ಳಿಗಳಿಗೆ ನೀರು ಕೊಡಲೆಂದೇ ಇದು ರೂಪುಗೊಂಡಿತು. ಒಳ್ಳೆಯದು, ಆ ಹಳ್ಳಿಗಳ ಜನ ವರ್ಷಗಟ್ಟಲೆ ಟ್ಯಾಂಕರುಗಳಿಗೆ ದುಡ್ಡು ಸುರಿದವರು. ಆದರೆ ಗಮನಿಸಿ: ಯೋಜನೆಯ ಒಂದು ತುದಿಯ 110 ಹಳ್ಳಿಗಳಿಗೆ ಹೆಸರಿದೆ, ಸಂಖ್ಯೆಯಿದೆ, ವೇಳಾಪಟ್ಟಿಯಿದೆ. ಇನ್ನೊಂದು ತುದಿಯ ಹಳ್ಳಿಗಳಿಗೆ? ಮೂರು ಮೀಟರ್ ವ್ಯಾಸದ ಕೊಳವೆ ಯಾವ ಊರಿನ ಅಂಚಿನಿಂದ ಹೊರಡುತ್ತದೋ, ಯಾವ ಹೊಲಗಳ ಪಕ್ಕದಲ್ಲಿ ಹಾದು ಹೋಗುತ್ತದೋ, ಆ ಊರುಗಳು ಯೋಜನೆಯ ಭಾಷೆಯಲ್ಲಿ ಬರಿಯ 'ಮಾರ್ಗ'. ಮಾರ್ಗಕ್ಕೆ ಬಾಯಿಲ್ಲ.

ಮಳವಳ್ಳಿ, ಮದ್ದೂರು ತಾಲೂಕುಗಳ ರೈತನಿಗೆ ಈ ಮೌನ ಯಾಕೆ ಚುಚ್ಚುತ್ತದೆ ಎಂಬುದನ್ನು ಅರಿಯಬೇಕಾದರೆ ನಾಲೆಯ ಕಥೆಯನ್ನು ತಿಳಿಯಬೇಕು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ಪೂರ್ಣ ತುಂಬಿದಾಗ ಹಿಡಿಯುವ ನೀರು 49.45 ಟಿಎಂಸಿ. ಅದರ ವಿಶ್ವೇಶ್ವರಯ್ಯ ನಾಲೆ ಮಂಡ್ಯವನ್ನು ಬಯಲುಸೀಮೆಯಿಂದ ಕಬ್ಬು, ಭತ್ತದ ನಾಡಾಗಿ ಬದಲಿಸಿತು. ಆದರೆ ಮಳವಳ್ಳಿ, ಮದ್ದೂರಿನ ಬಹಳಷ್ಟು ಭೂಮಿ ಆ ನಾಲೆಯ ಕೊನೆಭಾಗದಲ್ಲಿದೆ. ನಾಲೆಯ ಕೊನೆಯವನೆಂದರೆ ಎಲ್ಲರೂ ಉಂಡ ಮೇಲೆ ಎಲೆ ಹಾಕಿಸಿಕೊಳ್ಳುವವನು. ಮಳೆ ಕೈಕೊಟ್ಟ ವರ್ಷ ಅವನ ಪಾಲಿಗೆ ನೀರಿನ ಸರದಿ ಬರುವುದೇ ಇಲ್ಲ. ಬಂದರೂ ಪೈರು ಒಣಗಿದ ಮೇಲೆ ಬರುತ್ತದೆ. ಈಗ ಒಂದು ಸರಳ ಲೆಕ್ಕ ಹಾಕಿ. ಬೆಂಗಳೂರಿನ ಕೊಳವೆಗಳು ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ವರ್ಷಕ್ಕೆ ಎತ್ತುವ ನೀರು 28 ಟಿಎಂಸಿಗೂ ಹೆಚ್ಚು. ತುಂಬಿದ ಕನ್ನಂಬಾಡಿಯ ಅರ್ಧಕ್ಕಿಂತ ಮಿಗಿಲು. ಬಳಸಿದ ನೀರಿನ ಒಂದಂಶ ಕೊಳಚೆಯಾಗಿ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಮರಳುವುದೇನೋ ನಿಜ. ಆದರೆ ಅದು ಮರಳುವುದು ಕನಕಪುರದ ಸಂಗಮದಲ್ಲಿ, ಮಳವಳ್ಳಿಯನ್ನು ದಾಟಿದ ಮೇಲೆ. ಕೊಟ್ಟ ಊರಿಗೆ ಅದರ ಹನಿಯೂ ಮರಳದು.

ಇದು ಮಳವಳ್ಳಿಗೆ ಹೊಸ ಅನುಭವವೇನಲ್ಲ. ಇದೇ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಆ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಜಲಪಾತದ ಪಕ್ಕದ ಹಳ್ಳಿಗಳು ಸೀಮೆಎಣ್ಣೆಯ ಬುಡ್ಡಿಯಲ್ಲಿ ದಶಕಗಳನ್ನು ಕಳೆದವು. ಮೊದಲು ತಂತಿ ಹೋಯಿತು, ಆಮೇಲೆ ಕೊಳವೆ ಹೋಯಿತು. ಎರಡೂ ಹೊರಟದ್ದು ಇಲ್ಲಿಂದ, ತಲುಪಿದ್ದು ಬೇರೆಡೆಗೆ. ಅಂದು ಅರಸೊತ್ತಿಗೆಯಿತ್ತು, ಪ್ರಜೆಯನ್ನು ಕೇಳುವ ಪದ್ಧತಿ ಇರಲಿಲ್ಲ ಎನ್ನಬಹುದು. ಇಂದಿನ ಪ್ರಜಾಪ್ರಭುತ್ವಕ್ಕೆ ಯಾವ ನೆಪವಿದೆ?

ಹಾಗೆಂದು ಸರಕಾರಗಳಿಗೆ ಮಂಡ್ಯದ ನೆನಪೇ ಆಗುವುದಿಲ್ಲ ಎಂದೇನಿಲ್ಲ. ಕಾವೇರಿ ಕಾವೇರಿದಾಗಲೆಲ್ಲ ನೆನಪಾಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ ಬಂದಾಗ, ಅದೇ ತಿಂಗಳ 23ರಂದು ವಿಧಾನಮಂಡಲ ವಿಶೇಷ ಅಧಿವೇಶನ ಸೇರಿ, ಕಾವೇರಿ ಕೊಳ್ಳದ ಹಳ್ಳಿ ಪಟ್ಟಣಗಳ ಮತ್ತು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯಕ್ಕಲ್ಲದೆ ಬೇರಾವುದಕ್ಕೂ ಜಲಾಶಯಗಳ ನೀರನ್ನು ಬಿಡಬಾರದೆಂದು ನಿರ್ಣಯಿಸಿತು. ಆ ನಿರ್ಣಯದಲ್ಲಿ ಹಳ್ಳಿಯೂ ಬೆಂಗಳೂರೂ ಒಂದೇ ಸಾಲಿನಲ್ಲಿ ಕುಳಿತಿದ್ದವು. 2023ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಸಂಕಟ. 23ರಂದು ಮಂಡ್ಯ ಬಂದ್, 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಆ ದಿನಗಳಲ್ಲಿ ಮಂಡ್ಯದ ರೈತ ಇಡೀ ರಾಜ್ಯದ ಪರವಾಗಿ ಬೀದಿಯಲ್ಲಿ ಮಲಗುವ ಸೈನಿಕ. ನೆರೆರಾಜ್ಯದ ವಿರುದ್ಧ ಅವನು ನಮ್ಮವನು. ಬಂದ್ ಮುಗಿದು, ಅವನು ತನ್ನ ತಾಲೂಕಿನಿಂದಲೇ ಹೊರಡುವ ಕೊಳವೆಯ ಬಗ್ಗೆ ಒಂದು ಪ್ರಶ್ನೆ ಕೇಳಿದ ಕ್ಷಣ ಅವನು ಕಾನೂನು ಮತ್ತು ಸುವ್ಯವಸ್ಥೆಯ ಸಮಸ್ಯೆ. ಜಿ. ಮಾದೇಗೌಡರಂಥ ನಾಯಕರು ಜೀವಮಾನವಿಡೀ ಬೀದಿಗಿಳಿಯಬೇಕಾಗಿ ಬಂದದ್ದು ಬೀದಿಯ ಮೇಲಿನ ಪ್ರೀತಿಯಿಂದಲ್ಲ, ಮಾತನಾಡಲು ಬೇರೆ ಜಾಗ ಇಲ್ಲದಿದ್ದುದರಿಂದ.

ನ್ಯಾಯಾಲಯದ ಕಡತಗಳನ್ನೂ ಒಮ್ಮೆ ನೋಡಬೇಕು. 2007ರ ಫೆಬ್ರವರಿಯ ಐತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿಯು ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆಯೆಂದು ಪರಿಗಣಿಸಿ ಅದಕ್ಕೆ ತಕ್ಕಂತೆ ನೀರನ್ನು ಅಳೆಯಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಇದನ್ನು ತಿದ್ದಿ, ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿನ ಹೆಸರಿನಲ್ಲಿ. ಕೊಳ್ಳದ ಹೊರಗಿನ ಬೆಂಗಳೂರೂ ಕಾವೇರಿಯ ನಂಟಿನೊಳಗೆ ಬಂತು. ನಮಗೆ ಇದರಲ್ಲಿ ತಕರಾರಿಲ್ಲ. ಕೊಳ್ಳದ ಹೊರಗಿನವರಿಗೂ ನದಿಯ ಮೇಲೆ ಹಕ್ಕಿದೆ ಎನ್ನಬಲ್ಲ ರಾಜ್ಯಕ್ಕೆ, ಕೊಳ್ಳದ ಒಡಲಲ್ಲೇ ಇರುವವರಿಗೆ ಕೊಳವೆಯ ಮೇಲೆ ಒಂದು ಮಾತಿನ ಹಕ್ಕಿದೆ ಎನ್ನಲು ಏನು ಅಡ್ಡಿ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದೂ ಅಲ್ಲ. 'ಕುಡಿಯುವ ನೀರಿಗೆ ಮೊದಲ ಆದ್ಯತೆ. ಬೆಂಗಳೂರಿನ ಕೊಳೆಗೇರಿಯಲ್ಲಿ ಕೊಡ ಹಿಡಿದು ನಿಂತ ತಾಯಿಯ ಎದುರು ಕಬ್ಬಿನ ಗದ್ದೆಯ ವಾದ ನಿಲ್ಲುತ್ತದೆಯೇ?' ಖಂಡಿತ ನಿಲ್ಲುವುದಿಲ್ಲ. ಆ ತಾಯಿಯ ಮನೆಯವರಲ್ಲಿ ಎಷ್ಟೋ ಮಂದಿ ಇದೇ ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಕೂಲಿ ಅರಸಿ ಹೋದವರು. ಕೊಳವೆಯನ್ನು ಮುಚ್ಚಿ ಎನ್ನುವುದು ನಮ್ಮ ವಾದವಲ್ಲ. ಆದರೆ ಆ ತಾಯಿಯ ಕೊಡವನ್ನು ಮುಂದೆ ಹಿಡಿದು, ಅದರ ಮರೆಯಲ್ಲಿ ನಿಂತವರು ಯಾರು? ನಗರಕ್ಕೆ ತಲುಪಿದ ನೀರಿನ ಸುಮಾರು ಕಾಲುಭಾಗ ಲೆಕ್ಕಕ್ಕೆ ಸಿಗುವುದಿಲ್ಲವೆಂದು ಜಲಮಂಡಳಿಯ ಅಂಕಿಗಳೇ ಹೇಳುತ್ತಾ ಬಂದಿವೆ. ಒಂದು ಕಾಲದಲ್ಲಿ ಅದು ಅರ್ಧದ ಸಮೀಪವಿತ್ತು. 222.5 ಕೋಟಿ ಲೀಟರಿನಲ್ಲಿ ಕಾಲುಭಾಗವೆಂದರೆ ದಿನಕ್ಕೆ 55 ಕೋಟಿ ಲೀಟರ್. ಕುಡಿಯುವ ನೀರಿನಿಂದ ಕಾರು ತೊಳೆಯಬಾರದು, ಕೈತೋಟಕ್ಕೆ ಬಿಡಬಾರದು, ತಪ್ಪಿದರೆ 5,000 ರೂಪಾಯಿ ದಂಡ ಎಂದು ಮಂಡಳಿ ಆದೇಶಿಸಿದ್ದು 2024ರ ಮಾರ್ಚಿನ ಬರದಲ್ಲಿ. ಬರ ಬರುವವರೆಗೆ ಆ ಕಾರುಗಳನ್ನು ತೊಳೆದದ್ದು ಯಾವ ನೀರಿನಿಂದ? ಕೊಡದ ತಾಯಿಯ ಹೆಸರಿನಲ್ಲಿ ಎತ್ತಿದ ನೀರು ಎಲ್ಲೆಲ್ಲಿ ಹರಿಯಿತೆಂದು ಕೇಳುವ ಹಕ್ಕು ನಾಲೆಯ ಕೊನೆಯ ರೈತನಿಗಿಲ್ಲದೆ ಇನ್ನಾರಿಗಿದೆ?

ಕೊಳವೆಯ ದಾರಿಯಲ್ಲಿರುವವರನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ರಾಜ್ಯಗಳಲ್ಲಿ ಪಾಠಗಳಿವೆ. ಅವು ಅನಿಲದ ಕೊಳವೆಗಳು. ಅನಿಲ ಸುಡುತ್ತದೆ, ನೀರು ಸುಡುವುದಿಲ್ಲ, ನಿಜ. ಆದರೆ ಕೊಳವೆ ನಡೆಸುವವನ ಹೊಣೆ ಒಂದೇ. ಕೊಚ್ಚಿಯಿಂದ ಮಂಗಳೂರಿಗೆ ಗೇಲ್ ಸಂಸ್ಥೆ ಕೊಳವೆ ಹಾಕುವಾಗ 2017ರ ನವೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂ ಪರಿಸರದಲ್ಲಿ ಜನ ಸಿಡಿದೆದ್ದರು. ಅಂಗೈಯಗಲದ ಜಾಗದಲ್ಲಿ ಮನೆ ಕಟ್ಟಿಕೊಂಡವರವರು. ನೆಲದಡಿಯಲ್ಲಿ ಕೊಳವೆ ಹಾಕಲು 1962ರ ಕಾನೂನು ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ನೆಲ ಮಾಲಿಕನದ್ದೇ, ಆದರೆ ಅದರ ಮೇಲೆ ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ. ಕಾನೂನಿನಲ್ಲಿದ್ದ ಪರಿಹಾರ ಭೂಮಿಯ ಬೆಲೆಯ ಶೇ. 10 ಮಾತ್ರ. ಆರಂಭದಲ್ಲಿ ಅವರಿಗೆ ಸಿಕ್ಕಿದ್ದು ಲಾಠಿ ಮತ್ತು ತೀವ್ರವಾದಿಗಳೆಂಬ ಹಣೆಪಟ್ಟಿ. ಆಮೇಲೆ ಸರಕಾರ ಮಾತುಕತೆಗೆ ಕುಳಿತು ಪರಿಹಾರವನ್ನು ಹೆಚ್ಚಿಸಿತು. ತುಂಡು ಭೂಮಿಯವರಿಗೆ ವಿಶೇಷ ನೆರವು ಘೋಷಿಸಿತು. 450 ಕಿಲೋಮೀಟರಿನ ಆ ಕೊಳವೆ ಕಾಸರಗೋಡನ್ನು ಹಾದು ಮಂಗಳೂರನ್ನು ತಲುಪಿ, 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಲಾಠಿಯಿಂದ ಆಗದ ಕೆಲಸ ಮಾತಿನಿಂದ ಆಯಿತು. ಮಾತನ್ನು ಮೊದಲೇ ಆಡಿದ್ದರೆ?

ಇನ್ನೊಂದು ಪಾಠ ಅದಕ್ಕಿಂತ ಕಠೋರ. 2014ರ ಜೂನ್ 27ರ ಮುಂಜಾನೆ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಗೇಲ್ ಸಂಸ್ಥೆಯ ಅನಿಲ ಕೊಳವೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತರು. ಅನಿಲ ಸೋರುತ್ತಿರುವ ಬಗ್ಗೆ ಊರವರು ಮೊದಲೇ ದೂರಿದ್ದರೆಂಬುದು ಆಗ ವರದಿಯಾಯಿತು. ಕೊಳವೆಯ ದಾರಿಯಲ್ಲಿ ಬದುಕುವವನು ಅದರ ಮೊದಲ ಕಾವಲುಗಾರ. ಅವನ ಮೂಗಿಗೆ ವಾಸನೆ ಮೊದಲು ಬಡಿಯುತ್ತದೆ, ಅವನ ಕಾಲಿಗೆ ತೇವ ಮೊದಲು ತಾಗುತ್ತದೆ. ಅವನ ಮಾತನ್ನು ಕೇಳುವ ಕಿವಿಯಿಲ್ಲದ ಸಂಸ್ಥೆ ತನ್ನ ಕೊಳವೆಯನ್ನೇ ತಾನು ಅಪಾಯಕ್ಕೊಡ್ಡುತ್ತದೆ. 2022ರಲ್ಲಿ ತೊರೆಕಾಡನಹಳ್ಳಿಯ ಯಂತ್ರಗಳನ್ನು ಮುಳುಗಿಸಿದ್ದು ಅಲ್ಲಿಯದೇ ಮಳೆ, ಅಲ್ಲಿಯದೇ ಹಳ್ಳದ ನೀರು. ಆ ಹಳ್ಳದ ಸ್ವಭಾವವನ್ನು ಬೆಂಗಳೂರಿನ ಕಚೇರಿಗಿಂತ ಚೆನ್ನಾಗಿ ಬಲ್ಲವರು ಅದರ ದಡದಲ್ಲೇ ಇರುತ್ತಾರೆ. ಅವರನ್ನು ಕೂರಿಸಿ ಕೇಳುವ ಒಂದು ಪದ್ಧತಿ ಇರಬೇಕಷ್ಟೆ.

'ಇದೆಲ್ಲ ಆದರ್ಶ, ಆಡಳಿತದಲ್ಲಿ ನಡೆಯುವುದಿಲ್ಲ' ಎನ್ನುವವರು ನ್ಯೂಯಾರ್ಕಿನತ್ತ ನೋಡಲಿ. ಆ ಮಹಾನಗರಕ್ಕೂ ನೀರು ಬರುವುದು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನಗರವು ಅಲ್ಲಿಯ ಹಳ್ಳಿಗಳನ್ನು ಬಲವಂತದಿಂದ ಎಬ್ಬಿಸಿ ಜಲಾಶಯ ಕಟ್ಟಿತು. ಆ ಕಹಿ ತಲೆಮಾರುಗಳವರೆಗೆ ಉಳಿಯಿತು. ಕೊನೆಗೆ 1997ರ ಜನವರಿಯಲ್ಲಿ ನಗರ, ರಾಜ್ಯ, ಕೇಂದ್ರ ಮತ್ತು ಆ ಬೆಟ್ಟದ ಊರುಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ನಗರವು ಹಣ ಕೊಡುತ್ತದೆ. ಆ ಊರುಗಳ ಚರಂಡಿ, ಕೃಷಿ, ಸಣ್ಣ ಉದ್ಯಮಗಳ ಅಭಿವೃದ್ಧಿಗೆ ಅದು ಬಳಕೆಯಾಗುತ್ತದೆ. ಅಲ್ಲಿಯ ಪ್ರತಿನಿಧಿಗಳೇ ಬಹುಮತದಲ್ಲಿರುವ ಸಂಸ್ಥೆಯೊಂದು ಯೋಜನೆಗಳನ್ನು ನಡೆಸುತ್ತದೆ. ಪ್ರತಿಯಾಗಿ ಬೆಟ್ಟದ ಜನ ನೀರನ್ನು ನಿರ್ಮಲವಾಗಿ ಕಾಯುತ್ತಾರೆ. ಇದು ದಾನವಲ್ಲ. ಶತಕೋಟಿಗಟ್ಟಲೆ ಡಾಲರಿನ ಶುದ್ಧೀಕರಣ ಘಟಕ ಕಟ್ಟುವುದಕ್ಕಿಂತ ನೆರೆಯವರನ್ನು ಒಲಿಸಿಕೊಳ್ಳುವುದು ಅಗ್ಗ ಎಂದು ನಗರ ಲೆಕ್ಕ ಹಾಕಿತು. ಬೆಂಗಳೂರಿಗೆ ಲೆಕ್ಕ ಬರುವುದಿಲ್ಲವೇ?

ಆದುದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು.

ಮೊದಲನೆಯದು, ತೊರೆಕಾಡನಹಳ್ಳಿಯಲ್ಲಿ ಕಾಯಂ ಸಮಾಲೋಚನಾ ಸಮಿತಿ. ಕೊಳವೆ ಹಾದು ಹೋಗುವ ಗ್ರಾಮ ಪಂಚಾಯತಿಗಳ, ನಾಲೆಯ ಕೊನೆಭಾಗದ ನೀರು ಬಳಕೆದಾರರ, ಮಳವಳ್ಳಿ ಮತ್ತು ಮದ್ದೂರು ಪಟ್ಟಣಗಳ ಪ್ರತಿನಿಧಿಗಳು ಅದರಲ್ಲಿರಲಿ. ಮೂರು ತಿಂಗಳಿಗೊಮ್ಮೆ ಅದು ಸೇರಲಿ, ನಡಾವಳಿ ಕನ್ನಡದಲ್ಲಿ ಪ್ರಕಟವಾಗಲಿ. ಬಂದ್ ಆದಾಗ ಕರೆಯುವ ಶಾಂತಿ ಸಭೆ ಬೇರೆ, ಬಂದ್ ಆಗದಂತೆ ನಡೆಸುವ ಸಭೆ ಬೇರೆ.

ಎರಡನೆಯದು, ಲೆಕ್ಕ. ಪ್ರತಿದಿನ ಎಷ್ಟು ನೀರು ಎತ್ತಲಾಯಿತು, ನಗರದಲ್ಲಿ ಎಷ್ಟು ಸೋರಿತು ಎಂಬುದು ಪಂಚಾಯತಿ ಕಟ್ಟೆಯ ಮೇಲಿನ ಫಲಕದಲ್ಲಿ ಕಾಣಲಿ. ಗುಟ್ಟು ಇರುವಲ್ಲಿ ಗುಮಾನಿ ಇರುತ್ತದೆ. ಕಣ್ಣೆದುರಿನ ಅಂಕಿ ವದಂತಿಯ ಬಾಯಿ ಮುಚ್ಚಿಸುತ್ತದೆ.

ಮೂರನೆಯದು, ಪಾಲು. ಎತ್ತುವ ಪ್ರತಿ ಸಾವಿರ ಲೀಟರಿಗೆ ಒಂದು ರೂಪಾಯಿಯನ್ನು ಮಳವಳ್ಳಿ, ಮದ್ದೂರು ಭಾಗದ ಕೆರೆಗಳ ಹೂಳೆತ್ತಲು, ಉಪನಾಲೆಗಳ ದುರಸ್ತಿಗೆ ಮೀಸಲಿಟ್ಟರೆ, ಪೂರ್ಣ ಸಾಮರ್ಥ್ಯದಲ್ಲಿ ದಿನಕ್ಕೆ 22 ಲಕ್ಷ, ವರ್ಷಕ್ಕೆ 81 ಕೋಟಿ ರೂಪಾಯಿ ಆಗುತ್ತದೆ. ಬಡವರ ಮೇಲೆ ಹೊರೆ ಬೀಳಬಾರದು. ತಿಂಗಳಿಗೆ 8,000 ಲೀಟರಿನವರೆಗಿನ ಮನೆಗಳನ್ನು ಇದರಿಂದ ಹೊರಗಿಡಲಿ, ಹೆಚ್ಚು ಬಳಸುವವರು ಹೆಚ್ಚು ಕೊಡಲಿ. 2014ರಿಂದ 2025ರ ಏಪ್ರಿಲ್‌ವರೆಗೆ ಹನ್ನೊಂದು ವರ್ಷ ದರವನ್ನೇ ಏರಿಸದ ನಗರಕ್ಕೆ ಇದು ಭಾರವಾಗದು.

ನಾಲ್ಕನೆಯದು, ಮರ್ಯಾದೆ. ಅಗೆಯುವ ಮೊದಲು ಸೂಚನೆ, ಬೆಳೆ ಹಾಳಾದರೆ ಅದೇ ಹಂಗಾಮಿನಲ್ಲಿ ಪರಿಹಾರ, ಒಡೆದ ಕೊಳವೆಯ ಬಗ್ಗೆ ಕರೆ ಮಾಡಿದವನಿಗೆ ಉತ್ತರ. ಇವಕ್ಕೆ ಹೊಸ ಕಾನೂನೂ ಬೇಡ, ಸಾಲವೂ ಬೇಡ.

ಇವನ್ನು ಕೇಳಲು ಬೀದಿಯೊಂದೇ ದಾರಿಯಲ್ಲ. ಐದನೇ ಹಂತಕ್ಕೆ ಸಾಲ ಕೊಟ್ಟ ಜೈಕಾ ಸಂಸ್ಥೆಗೆ ತನ್ನದೇ ಪರಿಸರ ಮತ್ತು ಸಾಮಾಜಿಕ ಮಾರ್ಗಸೂಚಿಯಿದೆ. ಅದರಂತೆ ಬಾಧಿತರೊಂದಿಗೆ ಸಮಾಲೋಚನೆ ನಡೆಯಬೇಕು. ನಡೆಯದಿದ್ದರೆ ಆ ದೇಶದ ಇಬ್ಬರು ನಿವಾಸಿಗಳು ಸೇರಿ ಆಕ್ಷೇಪ ಸಲ್ಲಿಸುವ ಅವಕಾಶವೂ ಇದೆ. ಮಾಹಿತಿ ಹಕ್ಕು ಕಾಯ್ದೆಯಿದೆ, ಗ್ರಾಮಸಭೆಯಿದೆ. ಈ ಮೂರು ತಾಲೂಕುಗಳ ಪಟ್ಟಣಗಳಲ್ಲಿ ಓದಿದ ಯುವಕರಿಗೆ ಬರವಿಲ್ಲ. ಅರ್ಜಿ ಬರೆದು ಕೊಡುವ ಹತ್ತು ಕೈಗಳು ಸಾಕು.

ಪಟ್ಟಣದಲ್ಲಿರುವ ನಾವು ಇದನ್ನು ರೈತರ ವಿಷಯವೆಂದು ಬದಿಗಿಡುವುದುಂಟು. ಅಂಗಡಿಯ ವ್ಯಾಪಾರ, ಗುಜರಿಯ ವಹಿವಾಟು, ಆಟೋದ ಬಾಡಿಗೆ, ರೇಷ್ಮೆಯ ನೂಲು ಎಲ್ಲವೂ ನಡೆಯುವುದು ಹಳ್ಳಿಯವನ ಕೈಯಲ್ಲಿ ದುಡ್ಡಿದ್ದಾಗ. ನಾಲೆಯಲ್ಲಿ ನೀರಿಲ್ಲದ ವರ್ಷ ಮದ್ದೂರಿನ ಸಂತೆಯೂ ಬಣಗುಟ್ಟುತ್ತದೆ. ಇನ್ನು ನಮ್ಮ ಮಕ್ಕಳು, ನೆಂಟರು ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇದೇ ಕೊಳವೆಯ ನೀರು ಕುಡಿಯುತ್ತಾರೆ. ಕೊಳವೆಯ ಎರಡೂ ತುದಿಗಳಲ್ಲಿ ನಾವಿದ್ದೇವೆ. ಎರಡು ತುದಿಗಳವರನ್ನು ಒಂದೇ ಮೇಜಿನ ಎದುರು ಕೂರಿಸಿ ಎಂದು ಒತ್ತಾಯಿಸಲು ನಮಗಿಂತ ಹೆಚ್ಚಿನ ಅರ್ಹತೆ ಯಾರಿಗಿದೆ?

ಒಂದು ಮಹಾನಗರವು ಐವತ್ತು ವರ್ಷಗಳಿಂದ ಒಂದು ತಾಲೂಕಿನ ಒಡಲಿನಿಂದ ನೀರು ಕುಡಿಯುತ್ತಿದೆ. ಮುಂದಿನ ಹಂತದ ಮಾತು ಇಂದಲ್ಲ ನಾಳೆ ಬಂದೇ ಬರುತ್ತದೆ. ಅದರ ಅಡಿಗಲ್ಲಿಗೆ ಮುನ್ನ ಸರಕಾರ ಮಳವಳ್ಳಿಗೆ ಬಂದು, ಭಾಷಣದ ವೇದಿಕೆಯಲ್ಲಲ್ಲ, ಪಂಚಾಯತಿಯ ಜಗಲಿಯ ಮೇಲೆ ಕುಳಿತು ಈ ಐದು ಹಂತಗಳ ಲೆಕ್ಕವನ್ನು ಒಪ್ಪಿಸಲಿ. ಒಪ್ಪಿಸುವವರೆಗೆ ಕೇಳುವುದು ನಮ್ಮ ಹೊಣೆ.